ಗ್ರಾಹಕರಿಗೆ ಪತ್ರ: ಮುಂದಿನ ತಿಂಗಳಿಂದ ನಾಯಿ ಬಿಟ್ಟು ಹೋಗುವ ತರಬೇತಿ ಇರುವುದಿಲ್ಲ

ಆತ್ಮೀಯರೇ, ನಮಸ್ಕಾರ.

ಸುತ್ತು ಬಳಸದೆ ವಿಷಯಕ್ಕೆ ಬರುತ್ತೇವೆ. ಮುಂದಿನ ತಿಂಗಳ ಒಂದನೇ ತಾರೀಖಿನಿಂದ ತುಮಕೂರಿನ ನಮ್ಮ ನಾಯಿ ತರಬೇತಿ, ಚಿಕಿತ್ಸೆ ಕೇಂದ್ರದಲ್ಲಿ ಮೂರು ಬದಲಾವಣೆ ಆಗುತ್ತಿವೆ. ನಾಯಿಯನ್ನು ಒಂದು ತಿಂಗಳು ನಮ್ಮ ಹತ್ತಿರ ಬಿಟ್ಟು, ಕಲಿತ ಮೇಲೆ ಬಂದು ಕರೆದುಕೊಂಡು ಹೋಗುವ ತರಬೇತಿ ನಿಲ್ಲುತ್ತದೆ. ಇನ್ನು ಮೇಲೆ ವಾರಕ್ಕೆ ಎರಡು ದಿನದಂತೆ ಎಂಟು ವಾರ, ಮನೆಯವರಲ್ಲಿ ಒಬ್ಬರಾದರೂ ನಾಯಿ ಜೊತೆ ಬರಬೇಕು. ಡಾಕ್ಟರ್ ವಾರಕ್ಕೆ ಎರಡು ದಿನದ ಬದಲು ನಾಲ್ಕು ದಿನ ಇರುತ್ತಾರೆ, ಅವರ ಫೀಸು 250ರಿಂದ 400 ರೂಪಾಯಿ ಆಗುತ್ತದೆ. ಲಸಿಕೆ ಕಾರ್ಡ್ ಇಲ್ಲದ ನಾಯಿಗೆ ಬೋರ್ಡಿಂಗ್‌ನಲ್ಲೂ (ಮನೆಯವರು ಊರಲ್ಲಿ ಇಲ್ಲದಾಗ ನಾಯಿ ಉಳಿಯುವ ಜಾಗ) ತರಬೇತಿ ಮೈದಾನದಲ್ಲೂ ಜಾಗ ಇರುವುದಿಲ್ಲ, ಎಷ್ಟೇ ಹಳೆಯ ಪರಿಚಯ ಇದ್ದರೂ.

ಕೆಲವರಿಗೆ ಇದರಿಂದ ತೊಂದರೆ ಆಗುತ್ತದೆ ಅಂತ ಗೊತ್ತು. ರಜೆಗೆ ಊರಿಗೆ ಹೋಗುವಾಗ ನಾಯಿ ಬಿಟ್ಟು ಹೋದರೆ ಬರುವಷ್ಟರಲ್ಲಿ ತರಬೇತಿಯೂ ಮುಗಿದಿರುತ್ತದೆ ಅಂತ ಲೆಕ್ಕ ಹಾಕಿದ್ದವರಿಗೆ ಇಷ್ಟು ತಡವಾಗಿ ಹೇಳುತ್ತಿದ್ದೇವೆ. ಕ್ಷಮೆ ಇರಲಿ. ಆದರೆ ಈ ನಿರ್ಧಾರ ಸರಿ ಅನ್ನುವುದರಲ್ಲಿ ನಮಗೆ ಅನುಮಾನ ಇಲ್ಲ.

ಸುದ್ದಿ ಹಬ್ಬಿದಾಗಿನಿಂದ ಫೋನಲ್ಲೂ ಕೌಂಟರಲ್ಲೂ ಒಂದೇ ಮಾತು ಕೇಳುತ್ತಿದ್ದೇವೆ: "ದುಡ್ಡೂ ನಮ್ಮದೇ, ಕೆಲಸಾನೂ ನಮ್ಮದೇನಾ? ನಾವೇ ಕಲಿಸೋದಾದ್ರೆ ನೀವ್ಯಾಕೆ?" ಕೇಳಿದವರಲ್ಲಿ ಬಹಳ ಜನ ನಮ್ಮನ್ನು ವರ್ಷಗಟ್ಟಲೆ ನಂಬಿದವರು. ಅದಕ್ಕೇ ಈ ಮಾತಿಗೆ ಸ್ವಲ್ಪ ಉದ್ದವಾಗಿಯೇ ಉತ್ತರ ಕೊಡುತ್ತೇವೆ.

ಒಂದು ಮರಿಗೆ ಕೂರುವುದನ್ನು ಕಲಿಸುವುದು ಹೇಗೆ ಅಂತ ನೋಡಿ. ಬೇಯಿಸಿದ ಲಿವರ್‌ನ ಚಿಕ್ಕ ತುಂಡನ್ನು ಅದರ ಮೂಗಿನ ಹತ್ತಿರ ಹಿಡಿಯಬೇಕು. (ಮನೆಯಲ್ಲಿ ಮಾಂಸ ಮುಟ್ಟದವರು ಪನೀರ್ ಅಥವಾ ಬೇಯಿಸಿದ ಗೆಣಸು ತನ್ನಿ, ಅದೂ ನಡೆಯುತ್ತದೆ.) ಕೈಯನ್ನು ನಿಧಾನವಾಗಿ ಅದರ ತಲೆಯ ಮೇಲೆ ಹಿಂದಕ್ಕೆ ಒಯ್ಯಬೇಕು. ಮೂಗು ಮೇಲೆ ಹೋದಂತೆ ಹಿಂಭಾಗ ತಾನಾಗಿ ಕೆಳಗೆ ಬರುತ್ತದೆ. ನೆಲ ಮುಟ್ಟಿದ ಕ್ಷಣಕ್ಕೆ "ಶಭಾಷ್" ಅನ್ನಬೇಕು, ತುಂಡು ಬಾಯಿಗೆ ಹೋಗಬೇಕು. ನೀವು ಜೇಬು ತಡಕುತ್ತಾ ಒಂದೆರಡು ಸೆಕೆಂಡ್ ತಡ ಮಾಡಿದರೆ ಮರಿ ಅಷ್ಟರಲ್ಲಿ ಎದ್ದು ನಿಂತಿರುತ್ತದೆ. ಆಗ ಅದು ಕಲಿತದ್ದು ಏಳುವುದನ್ನು, ಕೂರುವುದನ್ನಲ್ಲ. ಮರಿಗೆ ಇದೆಲ್ಲ ಬೇಗ ಹತ್ತುತ್ತದೆ. ಮನುಷ್ಯರ ಕೈಗೆ ಆ ಸಮಯ ಹಿಡಿತಕ್ಕೆ ಬರಬೇಕಾದರೆ ಪಕ್ಕದಲ್ಲಿ ನಿಂತು ನೋಡಿ ತಿದ್ದುವವರು ಬೇಕು. ನಾವು ಇರುವುದು ಅದಕ್ಕೆ.

ಇನ್ನೊಂದು ಮಾತು. ನಾಯಿ ಒಂದು ಕಡೆ ಕಲಿತದ್ದನ್ನು ಇನ್ನೊಂದು ಕಡೆ ತಾನಾಗಿ ಮಾಡುವುದಿಲ್ಲ. ನಮ್ಮ ಮೈದಾನದಲ್ಲಿ, ನಮ್ಮ ಹುಡುಗನ ದನಿಗೆ, ಅವನ ಕೈ ಸನ್ನೆಗೆ ಕೂರುವ ಲ್ಯಾಬ್ರಡಾರ್ ಮನೆಗೆ ಹೋದ ಮೇಲೆ ಕಿವಿಗೇ ಹಾಕಿಕೊಳ್ಳುವುದಿಲ್ಲ. ಮನೆಯಲ್ಲಿ ಅಪ್ಪ "ಸಿಟ್" ಅನ್ನುತ್ತಾರೆ, ಅಮ್ಮ "ಕೂತ್ಕೋ" ಅನ್ನುತ್ತಾರೆ, ಅಜ್ಜಿ "ಸುಮ್ನೆ ಬಿದ್ಕೋ" ಅನ್ನುತ್ತಾರೆ, ಮಗು ಸೋಫಾ ಮೇಲಿಂದ ಬಿಸ್ಕತ್ತು ಎಸೆಯುತ್ತದೆ. ನಾಯಿ ಯಾರ ಮಾತು ಕೇಳಬೇಕು? ಎರಡು ವಾರಕ್ಕೆ "ಕಲಿತದ್ದೆಲ್ಲಾ ಮರೆತುಬಿಟ್ಟಿದೆ ಸಾರ್" ಅಂತ ಫೋನು ಬರುತ್ತದೆ. ಅದು ಮರೆತಿರುವುದಿಲ್ಲ. ಆ ಮನೆಯಲ್ಲಿ, ಆ ಜನರ ಜೊತೆ ಅದು ಕಲಿತೇ ಇರಲಿಲ್ಲ. ನೀವೇ ಹಗ್ಗ ಹಿಡಿದು ಕಲಿಸಿದರೆ ಅಮಾನಿಕೆರೆ ಸುತ್ತ ಸಂಜೆ ವಾಕಿಂಗ್ ಹೋದಾಗ ಅದು ನಿಮ್ಮನ್ನು ಎಳೆದುಕೊಂಡು ಹೋಗುವುದಿಲ್ಲ, ನಿಮ್ಮ ಪಕ್ಕದಲ್ಲಿ ನಡೆಯುತ್ತದೆ. ನಮ್ಮ ಹುಡುಗನ ಪಕ್ಕದಲ್ಲಿ ನಡೆದು ನಿಮಗೇನು ಲಾಭ, ಅಲ್ವಾ?

ಇದು ಅರ್ಧ ಉತ್ತರ. ಉಳಿದ ಅರ್ಧ ನಂಬಿಕೆಯ ವಿಷಯ, ನಮಗೆ ಅದೇ ದೊಡ್ಡದು.

ನಾಯಿಗೆ ಬಾಯಿಲ್ಲ. ಗೇಟಿನ ಒಳಗೆ ತಿಂಗಳುಗಟ್ಟಲೆ ಏನು ನಡೆಯಿತು ಅಂತ ಅದು ಬಂದು ಹೇಳುವುದಿಲ್ಲ. ಬೇರೆ ಬೇರೆ ಕಡೆ ಬಿಟ್ಟು ತರಬೇತಿ ಕೊಡಿಸಿ, ಆಮೇಲೆ ನಮ್ಮ ಹತ್ತಿರ ಬಂದ ನಾಯಿಗಳನ್ನು ನೋಡಿದ್ದೇವೆ. ಬೆಲ್ಟ್ ಬಿಚ್ಚಿದರೆ ಕುತ್ತಿಗೆ ಸುತ್ತ ಕೂದಲು ಉದುರಿ, ಜಗ್ಗಿದರೆ ಕುತ್ತಿಗೆ ಬಿಗಿಯುವ ಚೋಕ್ ಚೈನ್ ಉಜ್ಜಿದ ಗೆರೆ. ಮೇಜಿನ ಮೇಲೆ ಬೀಗದ ಕೈ ಗೊಂಚಲು ಇಟ್ಟ ಸದ್ದಿಗೆ ಮೂಲೆ ಸೇರುವ ನಾಯಿ. ಮನೆಯವರ ಮೊಬೈಲಿನಲ್ಲಿ ಮಾತ್ರ ಅದು ಚೆನ್ನಾಗಿ ಸೆಲ್ಯೂಟ್ ಹೊಡೆಯುವ ವಿಡಿಯೋ. ಆ ಮನೆಯವರು ಕೆಟ್ಟವರಲ್ಲ. ಅವರಿಗೆ ನೋಡಲು ಯಾರೂ ಬಿಡಲಿಲ್ಲ ಅಷ್ಟೇ.

ಹೊಡೆದರೆ, ಚೈನ್ ಜಗ್ಗಿದರೆ ನಾಯಿ ಬೇಗ ಸುಮ್ಮನಾಗುತ್ತದೆ, ನಿಜ. ಆದರೆ ಗುರ್ ಅನ್ನುವುದು ನಾಯಿ ಕೊಡುವ ಎಚ್ಚರಿಕೆ. ಗುರ್ ಅಂದಾಗಲೆಲ್ಲ ಏಟು ಬಿದ್ದರೆ ಅದು ಎಚ್ಚರಿಕೆ ಕೊಡುವುದನ್ನು ಬಿಡುತ್ತದೆ, ಒಳಗಿನ ಭಯ ಹಾಗೇ ಉಳಿಯುತ್ತದೆ. ಆಮೇಲೆ ಒಂದು ದಿನ ಸೂಚನೆ ಇಲ್ಲದೆ ಕಚ್ಚುತ್ತದೆ. 2020ರಲ್ಲಿ ಪೋರ್ಚುಗಲ್‌ನ ಸಂಶೋಧಕರು ತರಬೇತಿ ಶಾಲೆಗಳ 92 ಸಾಕುನಾಯಿಗಳನ್ನು ಗಮನಿಸಿದರು. ಶಿಕ್ಷೆ ಜಾಸ್ತಿ ಇದ್ದ ಶಾಲೆಗಳ ನಾಯಿಗಳಲ್ಲಿ ತರಬೇತಿಯ ನಂತರ ಒತ್ತಡದ ಹಾರ್ಮೋನ್ ಏರಿತ್ತು. ತಿಂಡಿ ಕೊಟ್ಟು ಕಲಿಸಿದ ಶಾಲೆಗಳ ನಾಯಿಗಳಲ್ಲಿ ಹಾಗಿರಲಿಲ್ಲ. "ನೀವೇ ಯಜಮಾನ ಅಂತ ನಾಯಿಗೆ ತೋರಿಸಬೇಕು, ಇಲ್ಲಾಂದ್ರೆ ತಲೆ ಮೇಲೆ ಕೂರುತ್ತೆ" ಅನ್ನುವವರು ಈಗಲೂ ಇದ್ದಾರೆ. ಆ ಮಾತಿನ ಬೇರು ಇರುವುದು 1947ರಲ್ಲಿ, ಬೋನಿನಲ್ಲಿದ್ದ ತೋಳಗಳನ್ನು ನೋಡಿ ಬರೆದ ಬರಹದಲ್ಲಿ. ಕಾಡಿನ ತೋಳಗಳು ಅಪ್ಪ, ಅಮ್ಮ, ಮಕ್ಕಳಾಗಿ ಬದುಕುತ್ತವೆ ಅಂತ ಆಮೇಲೆ ಡೇವಿಡ್ ಮೀಚ್ ಎಂಬ ವಿಜ್ಞಾನಿ ತೋರಿಸಿಕೊಟ್ಟರು. ಯಜಮಾನ ತೋಳದ ಬಗ್ಗೆ ಹಿಂದೆ ತಾವು ಬರೆದಿದ್ದ ಮಾತನ್ನೂ ತಾವೇ ತಿದ್ದಿಕೊಂಡರು.

ನಾಯಿ ತರಬೇತಿ ಕೊಡುವವರಿಗೆ ನಮ್ಮ ದೇಶದಲ್ಲಿ ಡಾಕ್ಟರುಗಳಿಗೆ ಇರುವಂಥ ಕಡ್ಡಾಯ ನೋಂದಣಿ ಇಲ್ಲ. ಯಾರು ಬೇಕಾದರೂ ಬೋರ್ಡು ಹಾಕಬಹುದು, ಗೋಡೆ ತುಂಬ ಸರ್ಟಿಫಿಕೇಟ್ ತೂಗುಹಾಕಬಹುದು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಪ್ರಾಣಿಯನ್ನು ಹೊಡೆದು ಹಿಂಸಿಸುವುದು ಅಪರಾಧ. ಆದರೆ ಮುಚ್ಚಿದ ಗೇಟಿನ ಹಿಂದೆ ಅದನ್ನು ನೋಡುವವರು ಯಾರು? ಅದಕ್ಕೇ ಹೇಳುತ್ತಿದ್ದೇವೆ: ನಿಮ್ಮ ಕಣ್ಣೆದುರು ನಡೆಯದ ತರಬೇತಿಗೆ ದುಡ್ಡು ಕೊಡಬೇಡಿ. ನಮಗೂ ಕೊಡಬೇಡಿ. ಎಲ್ಲಿಗೆ ಹೋದರೂ ಮೊದಲು ನಾಯಿ ಇಲ್ಲದೆ ಒಬ್ಬರೇ ಹೋಗಿ, ಇನ್ನೊಬ್ಬರ ನಾಯಿಗೆ ಹೇಗೆ ಕಲಿಸುತ್ತಾರೆ ನೋಡಿ. "ನಾಯಿ ತಪ್ಪು ಮಾಡಿದರೆ ಏನು ಮಾಡುತ್ತೀರಿ?" ಅಂತ ನೇರವಾಗಿ ಕೇಳಿ. "ಅದು ನಮ್ಮ ಸೀಕ್ರೆಟ್" ಅಂದರೆ ಅಲ್ಲಿಂದಲೇ ವಾಪಸ್ ಬನ್ನಿ. ಹದಿನೈದು ದಿನಕ್ಕೆ ಗ್ಯಾರಂಟಿ ಅನ್ನುವವರನ್ನು ನಂಬಬೇಡಿ. ಜೀವ ಇರುವುದಕ್ಕೆ ಗ್ಯಾರಂಟಿ ಕಾರ್ಡ್ ಬರೆದು ಕೊಡಲು ಆಗುವುದಿಲ್ಲ. ಬಾಲ ಕಾಲ ಸಂದಿಯಲ್ಲಿದೆಯಾ, ಸಡಿಲವಾಗಿ ಆಡುತ್ತಿದೆಯಾ ಅಂತ ಅಲ್ಲಿನ ನಾಯಿಗಳನ್ನು ನೋಡಿದರೂ ಬಹಳಷ್ಟು ತಿಳಿಯುತ್ತದೆ.

ಬಿಟ್ಟು ಹೋಗುವ ತರಬೇತಿಯಿಂದ ನಮಗೆ ಒಳ್ಳೆಯ ಆದಾಯ ಇತ್ತು. ಅದನ್ನು ನಾವೇ ಕೈಬಿಡುತ್ತಿದ್ದೇವೆ. "ದುಡ್ಡಿನ ಆಸೆ ಜಾಸ್ತಿ ಆಯ್ತು ಇವರಿಗೆ" ಅನ್ನುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿ.

ಈಗ ಫೀಸಿನ ಮಾತು. 250ಕ್ಕೂ 400ಕ್ಕೂ ಇರುವ ವ್ಯತ್ಯಾಸ ಎಲ್ಲಿ ಹೋಗುತ್ತದೆ ಅಂತ ಕೇಳುವ ಹಕ್ಕು ನಿಮಗಿದೆ. ನಮ್ಮ ಔಷಧಿ ಫ್ರಿಜ್ಜಿನ ಬಾಗಿಲಲ್ಲಿ ಒಂದು ಪುಟ್ಟ ಥರ್ಮಾಮೀಟರ್ ತೂಗುಹಾಕಿದೆ, ಪಕ್ಕದಲ್ಲಿ ಒಂದು ನೋಟ್‌ಬುಕ್ ಇದೆ. ಬೆಳಗ್ಗೆ ಸಂಜೆ ಎಷ್ಟು ಡಿಗ್ರಿ ಇತ್ತು ಅಂತ ಅದರಲ್ಲಿ ಬರೆಯುತ್ತೇವೆ. ಲಸಿಕೆ 2ರಿಂದ 8 ಡಿಗ್ರಿ ಒಳಗೇ ಇರಬೇಕು. ಬಿಸಿಯಾದರೂ ಕೆಡುತ್ತದೆ. ರೇಬಿಸ್ ಲಸಿಕೆ ಹೆಪ್ಪುಗಟ್ಟಿದರೂ ಕೆಡುತ್ತದೆ. ಕೆಟ್ಟ ಲಸಿಕೆ ನೋಡಲು ಒಳ್ಳೆಯದರ ಹಾಗೇ ಇರುತ್ತದೆ, ನಾಯಿಗೆ ಹಾಕಿದರೂ ಏನೂ ಆಗುವುದಿಲ್ಲ, ರಕ್ಷಣೆಯೂ ಸಿಗುವುದಿಲ್ಲ. ಬೇಸಿಗೆಯಲ್ಲಿ ತಾಸುಗಟ್ಟಲೆ ಕರೆಂಟ್ ಹೋಗುತ್ತದೆ. ಅದಕ್ಕೆ ಇನ್ವರ್ಟರ್ ಬೇಕು, ಬ್ಯಾಟರಿ ಬದಲಿಸುತ್ತಲೇ ಇರಬೇಕು. ಅನುಮಾನ ಬಂದ ಬಾಟಲಿಯನ್ನು ಎಸೆಯುತ್ತೇವೆ, ಆ ನಷ್ಟ ಯಾರ ಬಿಲ್ಲಿನಲ್ಲೂ ಕಾಣುವುದಿಲ್ಲ. ಬಳಸಿದ ಸೂಜಿಯನ್ನು ಬೀದಿ ಕಸಕ್ಕೆ ಹಾಕುವಂತಿಲ್ಲ. 2016ರ ವೈದ್ಯಕೀಯ ತ್ಯಾಜ್ಯ ನಿಯಮ ಪ್ರಾಣಿಗಳ ಕ್ಲಿನಿಕ್ಕಿಗೂ ಅನ್ವಯಿಸುತ್ತದೆ. ಸೂಜಿ ಚುಚ್ಚಿ ಹೊರಗೆ ಬರದಂಥ ಡಬ್ಬಿ, ಬೇರೆ ಬಣ್ಣದ ಚೀಲ, ತೆಗೆದುಕೊಂಡು ಹೋಗುವವರಿಗೆ ಪ್ರತಿ ತಿಂಗಳೂ ದುಡ್ಡು. ಜೊತೆಗೆ ಡಾಕ್ಟರ್ ಎರಡು ದಿನ ಜಾಸ್ತಿ ಬರುತ್ತಾರೆ. "ಮೆಡಿಕಲ್‌ನಲ್ಲಿ ಅದೇ ಲಸಿಕೆ ಅರ್ಧ ಬೆಲೆಗೆ ಸಿಗುತ್ತೆ" ಅನ್ನುವ ಮಾತು ನಮಗೆ ನೋವು ಕೊಡುವುದು ಇದಕ್ಕೇ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಮಧ್ಯಾಹ್ನದ ಬಿಸಿಲಲ್ಲಿ ಬಿ.ಎಚ್. ರಸ್ತೆ ದಾಟಿ ಗುಬ್ಬಿವರೆಗೆ ಬೈಕಲ್ಲಿ ಒಯ್ದ ಲಸಿಕೆ ಅದೇ ಲಸಿಕೆಯಾಗಿ ಉಳಿದಿರುತ್ತದಾ?

"ಒಂದು ಸಲ ಹಾಕಿಸಿದ್ವಲ್ಲಾ, ಮತ್ತೆ ಮತ್ತೆ ಯಾಕೆ?" ಅನ್ನುವುದಕ್ಕೂ ಕಾರಣ ಇದೆ. ತಾಯಿ ಹಾಲಿನಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿ ಇರುವವರೆಗೆ ಅದು ಲಸಿಕೆಯ ಕೆಲಸವನ್ನೂ ತಡೆಯುತ್ತದೆ. ಆ ರಕ್ಷಣೆ ಯಾವ ಮರಿಯಲ್ಲಿ ಯಾವಾಗ ಇಳಿಯುತ್ತದೆ ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ. ಆದ್ದರಿಂದ ಆರರಿಂದ ಎಂಟು ವಾರಕ್ಕೆ ಶುರು ಮಾಡಿ, ಮೂರು ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರ ಆಗುವವರೆಗೆ ಪಾರ್ವೊ, ಡಿಸ್ಟೆಂಪರ್ ಎಂಬ ವೈರಸ್ ರೋಗಗಳ ಲಸಿಕೆ ಹಾಕುತ್ತಾರೆ. ರೇಬಿಸ್‌ಗೆ ಮೂರು ತಿಂಗಳಿಗೆ ಒಂದು, ವರ್ಷಕ್ಕೆ ಮತ್ತೊಂದು. ರೇಬಿಸ್ ಲಕ್ಷಣ ಕಂಡ ಮೇಲೆ ನಾಯಿಗಾಗಲಿ ಮನುಷ್ಯರಿಗಾಗಲಿ ಹೆಚ್ಚುಕಡಿಮೆ ಉಳಿಗಾಲವೇ ಇಲ್ಲ ಅನ್ನುವುದು ನಿಮಗೆಲ್ಲ ಗೊತ್ತಿರುವುದೇ.

ಡಾಕ್ಟರ್ ವಿಷಯದಲ್ಲೂ ಕಣ್ಣು ತೆರೆದು ಆರಿಸಿ. 1984ರ ಪಶುವೈದ್ಯಕೀಯ ಪರಿಷತ್ ಕಾಯ್ದೆ ಪ್ರಕಾರ ನೋಂದಣಿ ಆದ ಪಶುವೈದ್ಯರಷ್ಟೇ ಚಿಕಿತ್ಸೆ ಕೊಡಬೇಕು. ಸಣ್ಣಪುಟ್ಟ ಆರೈಕೆಯನ್ನು ಬೇರೆಯವರು ಮಾಡುವುದಿದ್ದರೂ ಅದು ಆ ಪಶುವೈದ್ಯರ ಉಸ್ತುವಾರಿಯಲ್ಲೇ ನಡೆಯಬೇಕು. ಚೀಟಿಯ ಮೇಲೆ ಹೆಸರು, ಬಿ.ವಿ.ಎಸ್ಸಿ. ಪದವಿ, ನೋಂದಣಿ ಸಂಖ್ಯೆ ಇದೆಯಾ ನೋಡಿ. ಇಲ್ಲದಿದ್ದರೆ ಕೇಳಿ, ಸಂಕೋಚ ಬೇಡ. ನಮ್ಮ ಡಾಕ್ಟರದ್ದು ಬಾಗಿಲ ಮೇಲೇ ಇದೆ. ಒಳ್ಳೆಯ ಡಾಕ್ಟರು ಸೂಜಿ ಕೈಗೆತ್ತಿಕೊಳ್ಳುವ ಮೊದಲು ಜ್ವರ ನೋಡುತ್ತಾರೆ, ವಸಡಿನ ಬಣ್ಣ ನೋಡುತ್ತಾರೆ, ಹೊಟ್ಟೆ ಮುಟ್ಟಿ ನೋಡುತ್ತಾರೆ. ಕೊಟ್ಟ ಔಷಧಿಯ ಹೆಸರನ್ನು ಓದಲು ಬರುವ ಹಾಗೆ ಬರೆಯುತ್ತಾರೆ. ಲಸಿಕೆ ಬಾಟಲಿಯ ಲೇಬಲ್ ಕಿತ್ತು ಕಾರ್ಡಿಗೆ ಅಂಟಿಸುತ್ತಾರೆ. ತಮ್ಮ ಕೈಲಿ ಆಗದ್ದನ್ನು "ಇದಕ್ಕೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹೋಗಿ" ಅಂತ ಹೇಳುತ್ತಾರೆ. ಎಪ್ಪತ್ತು ಕಿಲೋಮೀಟರ್ ಕಳಿಸುತ್ತಾರಲ್ಲಾ ಅಂತ ಬೇಸರ ಮಾಡಿಕೊಳ್ಳಬೇಡಿ, ಅದು ಅವರ ಪ್ರಾಮಾಣಿಕತೆ.

ಉಣ್ಣಿ ಕಚ್ಚಿ ಬರುವ ಜ್ವರಕ್ಕೆ ರಕ್ತ ಪರೀಕ್ಷೆ ಬರೆದರೆ "ಸುಮ್ನೆ ಬಿಲ್ಲು ಏರಿಸ್ತಾರೆ" ಅನ್ನುತ್ತೀರಿ. ಊಟ ಬಿಟ್ಟು ಮಂಕಾಗಿ ಮಲಗಿದ ನಾಯಿಗೆ ಎರ್ಲಿಕಿಯಾ ಇರಬಹುದು, ಬಬೇಸಿಯಾ ಇರಬಹುದು. ಎರಡೂ ಉಣ್ಣಿಯಿಂದಲೇ ಬರುತ್ತವೆ, ಎರಡರ ಔಷಧಿ ಬೇರೆ. ರಕ್ತ ನೋಡದೆ ಯಾವುದು ಅಂತ ಹೇಗೆ ಹೇಳುವುದು? ಇನ್ನು, ದಯವಿಟ್ಟು ಮನೆಯಲ್ಲಿರುವ ನೋವಿನ ಮಾತ್ರೆ ಕೊಡಬೇಡಿ. ಪ್ಯಾರಸಿಟಮಾಲ್ ಬೆಕ್ಕಿನ ಜೀವ ತೆಗೆಯುತ್ತದೆ, ಐಬುಪ್ರೊಫೇನ್ ನಾಯಿಯ ಹೊಟ್ಟೆ, ಕಿಡ್ನಿ ಕೆಡಿಸುತ್ತದೆ.

ಕಾರ್ಡ್ ನಿಯಮ ಯಾರ ಮೇಲಿನ ಅಪನಂಬಿಕೆಯಿಂದಲೂ ಬಂದದ್ದಲ್ಲ. ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ನೆಲವನ್ನು ಬ್ಲೀಚಿಂಗ್ ಹಾಕಿ ತೊಳೆಯಬಹುದು, ಮೈದಾನದ ಮಣ್ಣನ್ನು ತೊಳೆಯಲು ಆಗುವುದಿಲ್ಲ. ಒಂದು ನಾಯಿ ತಂದ ರೋಗ ಮುಂದಿನ ಹತ್ತು ಮರಿಗಳಿಗೆ ಹೋಗುತ್ತದೆ. ಕಾರ್ಡ್ ನಮ್ಮಲ್ಲೇ ಮಾಡಿಸಬೇಕು ಅಂತೇನೂ ಇಲ್ಲ. ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಹಾಕಿಸಿ ಬನ್ನಿ. ಸೆಪ್ಟೆಂಬರ್ 28ರ ವಿಶ್ವ ರೇಬಿಸ್ ದಿನದ ಆಸುಪಾಸು ಉಚಿತವಾಗಿ ಹಾಕುವ ರೇಬಿಸ್ ಲಸಿಕೆಯ ಚೀಟಿ ತಂದರೂ ಸಂತೋಷದಿಂದ ಒಪ್ಪುತ್ತೇವೆ. ಫೀಸು ಹೊರೆ ಆಗುವವರು ಅಲ್ಲಿಗೇ ಹೋಗಿ, ನಮಗೆ ಒಂದಿಷ್ಟೂ ಬೇಸರ ಇಲ್ಲ.

ವಯಸ್ಸಾದವರು, ಒಂಟಿಯಾಗಿ ಇರುವವರು, ಕೈಮಗುವಿನ ತಾಯಂದಿರು ಮೈದಾನಕ್ಕೆ ಬರುವುದು ಹೇಗೆ ಅಂತ ಚಿಂತೆ ಮಾಡಬೇಡಿ. ತುಮಕೂರು ಊರೊಳಗೆ, ಕ್ಯಾತ್ಸಂದ್ರದವರೆಗೆ ನಾವೇ ಮನೆಗೆ ಬರುತ್ತೇವೆ. ಇದಕ್ಕೆ ಬೇರೆ ದುಡ್ಡಿಲ್ಲ. ನೀವು ಕುರ್ಚಿ ಮೇಲೆ ಕೂತೇ ತಿಂಡಿ ಕೊಡಿ, ಹಗ್ಗ ಹಿಡಿದು ಓಡುವ ಕೆಲಸ ನಮ್ಮ ಹುಡುಗನದ್ದು. ಕೆಲಸಕ್ಕೆ ಹೋಗುವವರಿಗಾಗಿ ಬೆಳಗ್ಗೆ ಆರೂವರೆ ಗಂಟೆಗೂ ಭಾನುವಾರ ಸಂಜೆಗೂ ತರಗತಿ ಇಟ್ಟಿದ್ದೇವೆ.

ಬಿಟ್ಟು ಹೋಗುವ ತರಬೇತಿಗೆ ಮುಂಗಡ ಕೊಟ್ಟವರು ರಸೀದಿ ತಂದರೆ ಪೂರ್ತಿ ಹಣ ವಾಪಸ್ ಕೊಡುತ್ತೇವೆ. ರಸೀದಿ ಕಳೆದುಹೋಗಿದ್ದರೆ ನಾಯಿ ಹೆಸರು ಹೇಳಿ, ನಮ್ಮ ಪುಸ್ತಕದಲ್ಲಿ ಇರುತ್ತದೆ. ಈಗ ನಮ್ಮ ಹತ್ತಿರ ಇರುವ ನಾಯಿಗಳ ಮನೆಯವರು ಯಾವ ಹೊತ್ತಿಗೆ ಬೇಕಾದರೂ, ಹೇಳದೆ ಕೇಳದೆ, ಬಂದು ನೋಡಬಹುದು. ಗೇಟಿಗೆ ಬೀಗ ಹಾಕಿರುವುದಿಲ್ಲ, ಚಿಲಕ ತೆಗೆದುಕೊಂಡು ಒಳಗೆ ಬನ್ನಿ. ಬಂದವರು ಚಿಲಕ ಮತ್ತೆ ಹಾಕುವುದನ್ನು ಮಾತ್ರ ಮರೆಯಬೇಡಿ.

ಇಂತಿ ನಿಮ್ಮ,
ಕೇಂದ್ರದ ಎಲ್ಲರ ಪರವಾಗಿ
ತುಮಕೂರು