ಒತ್ತಡ ಅಂದ್ರೆ ಬಿಪಿನಾ ಮಿಸ್?

ಮಾನ್ಯ ಸಂಪಾದಕರೇ,

ನಾನು ಹುಣಸೂರು ಕಡೆಯ ಒಂದು ಪ್ರೌಢಶಾಲೆಯ ಶಿಕ್ಷಕಿ. ಮೊನ್ನೆ ಮಕ್ಕಳ ಒತ್ತಡ ಅಳೆಯಲು ಒಂದು ತಂಡ ಬಂದಿತ್ತು. ಹತ್ತು ಪ್ರಶ್ನೆಯ ಹಾಳೆ ಹಂಚಿದರು, ಇಪ್ಪತ್ತು ನಿಮಿಷದಲ್ಲಿ ತುಂಬಿಸಿಕೊಂಡು ಹೊರಟರು. ಮೂರನೇ ಪ್ರಶ್ನೆಗೇ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಮೆಲ್ಲಗೆ ಕೇಳಿದಳು, "ಒತ್ತಡ ಅಂದ್ರೆ ಬಿಪಿನಾ ಮಿಸ್? ಅದು ನಮ್ಮಜ್ಜಿಗಿದೆ, ನನಗಿಲ್ಲ." ನಾನು ಉತ್ತರ ಹೇಳುವ ಮೊದಲೇ 'ಎಂದೂ ಇಲ್ಲ' ಅಂತ ಗುರುತು ಹಾಕಿದಳು. ಪರೀಕ್ಷೆ ಬಂತೆಂದರೆ ಹೊಟ್ಟೆ ತೊಳಸುತ್ತೆ ಅಂತ ಬಿಸಿಯೂಟದ ತಟ್ಟೆಯನ್ನೇ ಮುಟ್ಟದ ಹುಡುಗಿ ಇವಳು.

ಆ ಹಾಳೆಯ ಮೂಲ ಅಮೆರಿಕದ್ದು. ಶೆಲ್ಡನ್ ಕೋಹೆನ್ ಮತ್ತು ಸಂಗಡಿಗರು 1983ರಲ್ಲಿ 14 ಪ್ರಶ್ನೆಗಳ ಅಳತೆಗೋಲು ಮಾಡಿದರು, ಆಮೇಲೆ ಅದರದೇ 10 ಪ್ರಶ್ನೆಯ ರೂಪ ಬಂತು. ಕಳೆದ ಒಂದು ತಿಂಗಳಲ್ಲಿ ಹೇಗನ್ನಿಸಿತು ಅಂತ ಕೇಳುತ್ತಾರೆ, ಪ್ರತಿ ಉತ್ತರಕ್ಕೆ 0ಯಿಂದ 4 ಅಂಕ, ಒಟ್ಟು 40. ಅಂಕ ಹೆಚ್ಚಾದಷ್ಟೂ ಒತ್ತಡ ಹೆಚ್ಚು ಅಂತ ಅರ್ಥ. ಏನು ಕಷ್ಟ ಬಂತು ಅನ್ನುವುದಕ್ಕಿಂತ ಅದು ಮನಸ್ಸಿಗೆ ಎಷ್ಟು ಭಾರವಾಯಿತು ಅಂತ ಕೇಳುವುದು ನನಗೆ ತುಂಬಾ ಸರಿ ಅನ್ನಿಸುತ್ತದೆ. ಆದರೆ ಅದನ್ನು ಮೊದಲು ಪರೀಕ್ಷಿಸಿ ನೋಡಿದ್ದು ಕಾಲೇಜು ವಿದ್ಯಾರ್ಥಿಗಳ ಮೇಲೆ, ಸಿಗರೇಟು ಬಿಡಲು ಬಂದವರ ಮೇಲೆ. ನಮ್ಮ ಮಕ್ಕಳ ಮೇಲಲ್ಲ.

ನಾಲ್ಕನೇ ಪ್ರಶ್ನೆ 'ಸ್ವಂತ ಸಮಸ್ಯೆ'ಯದು. ಆದಿವಾಸಿಗಳ ಹಾಡಿಯಿಂದ ಬರುವ ಹುಡುಗನೊಬ್ಬ ಅದರ ಮುಂದೆ ಪೆನ್ನು ಹಿಡಿದು ಸುಮ್ನೆ ಕೂತಿದ್ದ. ಅಪ್ಪ ಅಮ್ಮ ಇಬ್ಬರೂ ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋಗಿದ್ದಾರೆ, ತಂಗಿಗೆ ಅನ್ನ ಮಾಡಿಕೊಟ್ಟು ಶಾಲೆಗೆ ಕರೆತರುವುದು ಇವನೇ. "ಅದು ಮನೆ ಕಷ್ಟ ಮಿಸ್, ನನ್ನದಲ್ಲ" ಅಂದ. ಐದನೆಯದರಲ್ಲಿ 'ಸಂಗತಿಗಳು ನಿಮ್ಮ ದಾರಿಯಲ್ಲಿ ಸಾಗುತ್ತಿವೆಯೇ' ಅಂತಿತ್ತು. ಅಂದುಕೊಂಡ ಹಾಗೆ ಆಗ್ತಿದೆಯಾ ಅಂತ ಕೇಳಿದ್ದರೆ ಎಲ್ಲರಿಗೂ ತಿಳಿಯುತ್ತಿತ್ತು ಅಲ್ವಾ? ಈ ಹಾಳೆಯಲ್ಲಿ ಹೀಗೆ ಒಳ್ಳೆಯದನ್ನು ಕೇಳುವ ನಾಲ್ಕು ಪ್ರಶ್ನೆಗಳಿಗೆ ಅಂಕ ತಿರುಗಿಸಿ ಹಾಕಬೇಕು, 'ಎಂದೂ ಇಲ್ಲ' ಅಂದರೆ 0 ಅಲ್ಲ, 4. ಹಾಗಾಗಿ ಅರ್ಥವಾಗದೆ ಒಂದೇ ಸಾಲಿಗೆ ಗುರುತು ಹಾಕುತ್ತಾ ಹೋದ ಮಗುವಿನ ಲೆಕ್ಕವೇ ತಪ್ಪುತ್ತದೆ.

ನಮ್ಮ ಜಿಲ್ಲೆಯಲ್ಲೇ ಎಚ್.ಡಿ. ಕೋಟೆಯ ಹಾಡಿಗಳ ಜೇನುಕುರುಬರ ಮಕ್ಕಳಿದ್ದಾರೆ, ಬೈಲಕುಪ್ಪೆಯಲ್ಲಿ ಟಿಬೆಟನ್ ಮಕ್ಕಳಿದ್ದಾರೆ, ಮನೆಯಲ್ಲಿ ಉರ್ದು ಆಡುವ ಮಕ್ಕಳಿದ್ದಾರೆ. ಒಂದೇ ಪ್ರಶ್ನೆ ಇವರೆಲ್ಲರಿಗೂ ಒಂದೇ ಅರ್ಥ ಕೊಡುತ್ತದೆ ಅಂತ ಖಚಿತವಾಗುವ ತನಕ ಅಂಕ ಹೋಲಿಸಲೇಬಾರದು. ಹಾಡಿಯ ಮಕ್ಕಳ ಅಂಕ ಕಡಿಮೆ ಬಂತು, ಅವರಿಗೆ ಚಿಂತೆಯಿಲ್ಲ ಅಂತ ಯಾರೋ ವರದಿ ಬರೆದುಬಿಟ್ಟರೆ ಆ ಹುಡುಗನ ಗತಿ ಏನು?

ತಂಡದವರಲ್ಲಿ ನನ್ನ ಮನವಿ ಇಷ್ಟೆ. ಅನುವಾದವನ್ನು ಇನ್ನೊಬ್ಬರಿಂದ ಮತ್ತೆ ಇಂಗ್ಲಿಷಿಗೆ ತಿರುಗಿಸಿ ಮೂಲದ ಜೊತೆ ಹೋಲಿಸಿ. ನಾಲ್ಕೈದು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಪ್ರಶ್ನೆ ಓದಿಸಿ, ಏನು ಅರ್ಥವಾಯಿತು ಅಂತ ಅವರ ಬಾಯಲ್ಲೇ ಕೇಳಿ. ತಲೆಬಿಸಿ, ಎದೆ ಡವಡವ, ಊಟ ಸೇರಲ್ಲ ಅನ್ನುವ ಮಾತೆಲ್ಲ ಅಲ್ಲೇ ಸಿಗುತ್ತದೆ. ಅಂಕ ಜಾಸ್ತಿ ಬಂದ ಮಗುವಿನ ಜೊತೆ ಮಾತಾಡುವವರು ಯಾರು ಅಂತಲೂ ಮೊದಲೇ ಗೊತ್ತುಮಾಡಿಕೊಳ್ಳಿ. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416 ಅನ್ನಾದರೂ ಹಾಳೆಯ ಕೆಳಗೆ ಅಚ್ಚು ಹಾಕಿಸಿ.

ಮತ್ತೆ ಬರುವುದಾದರೆ ನನ್ನ ಎರಡು ಪೀರಿಯಡ್ ಬಿಟ್ಟುಕೊಡುತ್ತೇನೆ.

– ಒಬ್ಬ ಶಿಕ್ಷಕಿ, ಮೈಸೂರು ಜಿಲ್ಲೆ