ಮೊಬೈಲ್ ನಂಬರ್ ಬದಲಾವಣೆ: ಪೋಷಕರ ಗಮನಕ್ಕೆ

ಮಾನ್ಯ ಪೋಷಕರೇ, ನಮಸ್ಕಾರ.

ಕಳೆದ ವಾರ ತಾಯಿಯೊಬ್ಬರು ಕಚೇರಿಗೆ ಫೋನ್ ಮಾಡಿ, ‘ಸಿಮ್ ಬದಲಾಗಿದೆ, ಶಾಲೆಯ ಆ್ಯಪ್‌ನಲ್ಲಿ ಹೊಸ ನಂಬರ್ ಹಾಕಿಬಿಡಿ’ ಎಂದರು. ‘ಮೇಡಂ, ಒಮ್ಮೆ ಬಂದು ಹೋಗಬೇಕಾಗುತ್ತೆ’ ಎಂದರು ನಮ್ಮ ಗುಮಾಸ್ತೆ. ‘ಆರು ವರ್ಷದಿಂದ ನನ್ನ ದನಿ ಕೇಳ್ತಿದ್ದೀರಿ, ಗುರುತು ಸಿಗಲಿಲ್ವಾ?’ ಎಂದು ಅವರು ನೊಂದುಕೊಂಡರಂತೆ. ನನಗೆ ಬಂದ ದೂರಿನಲ್ಲಿ ಇದಕ್ಕಿಂತ ಖಾರವಾದ ಮಾತುಗಳೂ ಇದ್ದವು.

ಗುರುತು ಸಿಕ್ಕಿತ್ತು. ತೊಂದರೆ ಇರುವುದೇ ಅಲ್ಲಿ. ಕೆಲವೇ ಸೆಕೆಂಡುಗಳ ರೆಕಾರ್ಡಿಂಗ್ ಇದ್ದರೆ ಸಾಕು, ಯಾರ ದನಿಯಲ್ಲಾದರೂ ಮಾತಾಡಿಸುವ ತಂತ್ರಾಂಶ ಈಗಿದೆ. ಶಾಲಾ ವಾರ್ಷಿಕೋತ್ಸವದ ವಿಡಿಯೊದಲ್ಲಿ ನನ್ನ ಇಪ್ಪತ್ತು ನಿಮಿಷದ ಭಾಷಣವೇ ಇದೆ (ಪೂರ್ತಿ ಕೇಳಿದವರು ಎಷ್ಟು ಮಂದಿಯೋ, ಅದು ಬೇರೆ ಮಾತು).

‘ವಿಡಿಯೊ ಕಾಲ್‌ನಲ್ಲಿ ಮುಖ ತೋರಿಸಿದರೂ ಆಗಲ್ವಾ?’ ಎಂದು ಇನ್ನೊಬ್ಬರು ಕೇಳಿದ್ದಾರೆ. ಆಗುವುದಿಲ್ಲ. 2024ರಲ್ಲಿ ಬೆಳಕಿಗೆ ಬಂದ ಪ್ರಕರಣ ನೋಡಿ: ಅರಪ್ ಎಂಬ ಎಂಜಿನಿಯರಿಂಗ್ ಸಂಸ್ಥೆಯ ಹಾಂಗ್‌ಕಾಂಗ್ ಕಚೇರಿಯ ನೌಕರರೊಬ್ಬರು ವಿಡಿಯೊ ಕಾಲ್‌ನಲ್ಲಿ ತಮ್ಮ ಹಣಕಾಸು ಮುಖ್ಯಸ್ಥರನ್ನೂ ಸಹೋದ್ಯೋಗಿಗಳನ್ನೂ ಕಣ್ಣಾರೆ ಕಂಡು, ಸುಮಾರು 20 ಕೋಟಿ ಹಾಂಗ್‌ಕಾಂಗ್ ಡಾಲರ್ ಕಳಿಸಿಬಿಟ್ಟರು. ಕಂಡ ಮುಖಗಳೆಲ್ಲ ನಕಲಿ. 2025ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಮಾರ್ಕ್ಸ್ ಆ್ಯಂಡ್ ಸ್ಪೆನ್ಸರ್ ಎಂಬ ದೊಡ್ಡ ಮಳಿಗೆ ಸಂಸ್ಥೆಯ ಕಂಪ್ಯೂಟರ್‌ಗಳಿಗೆ ಕಳ್ಳರು ನುಗ್ಗಿದ್ದೂ ಬೇರೊಬ್ಬರ ಸೋಗು ಹಾಕಿಯೇ. ವಾರಗಟ್ಟಲೆ ಅವರ ಆನ್‌ಲೈನ್ ವ್ಯಾಪಾರ ನಿಂತುಹೋಗಿತ್ತು.

ಶಾಲೆಯಲ್ಲಿ ಕದಿಯುವಂಥದ್ದು ಏನಿದೆ ಎನ್ನಬೇಡಿ. ಮಗುವಿನ ಹುಟ್ಟಿದ ದಿನ, ಮನೆ ವಿಳಾಸ, ಯಾವ ಔಷಧ ಆಗುವುದಿಲ್ಲ, ಸಂಜೆ ಯಾರು ಕರೆದುಕೊಂಡು ಹೋಗಬಹುದು, ಎಲ್ಲವೂ ಆ ಆ್ಯಪ್‌ನಲ್ಲಿದೆ. ಒಟಿಪಿ ಹೋಗುವುದು ನಮ್ಮಲ್ಲಿ ನೋಂದಾಯಿಸಿದ ನಂಬರ್‌ಗೆ; ಆ ನಂಬರ್ ಬೇರೆಯವರದಾದರೆ ಬಾಗಿಲು ತೆಗೆದುಕೊಟ್ಟ ಹಾಗೆ. ಅಮೆರಿಕ, ಕೆನಡಾದ ಶಾಲೆಗಳ ದಾಖಲೆ ಇಟ್ಟುಕೊಳ್ಳುವ ಪವರ್‌ಸ್ಕೂಲ್ ಕಂಪನಿಯಲ್ಲಿ 2024ರ ಡಿಸೆಂಬರ್‌ನಲ್ಲಿ ಕಳ್ಳತನವಾಗಿದ್ದು ಒಂದು ಕದ್ದ ಲಾಗಿನ್‌ನಿಂದ. ಕದ್ದ ಮಾಹಿತಿ ಅಳಿಸಿಹಾಕಲೆಂದು ಕಂಪನಿ ಕಳ್ಳರಿಗೆ ಹಣ ಕೊಟ್ಟಿತು. ಆದರೂ 2025ರ ಮೇ ತಿಂಗಳಲ್ಲಿ ಅದೇ ಮಾಹಿತಿ ಹಿಡಿದು ಶಾಲೆಗಳಿಗೆ ಮತ್ತೆ ಬೆದರಿಕೆ ಬಂತು.

ಅನುಮಾನ ನಿಮ್ಮ ಮೇಲಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ. ಕೆಲಸ ಬಿಟ್ಟು ಬರುವುದು ಕಷ್ಟ ಎಂಬುದೂ ಗೊತ್ತು. ಅದಕ್ಕೇ ಶನಿವಾರ ಮಧ್ಯಾಹ್ನದವರೆಗೂ ಇದಕ್ಕಾಗಿ ಒಬ್ಬರು ಕೌಂಟರ್‌ನಲ್ಲಿ ಇರುತ್ತಾರೆ, ಹತ್ತು ನಿಮಿಷದ ಕೆಲಸ. ಊರಲ್ಲಿಲ್ಲದವರು, ಹುಷಾರಿಲ್ಲದವರು ನಮ್ಮಲ್ಲಿ ಹೆಸರಿರುವ ಇನ್ನೊಬ್ಬ ಪೋಷಕರನ್ನು ಕಳಿಸಬಹುದು. ಆ ತಾಯಿಯನ್ನು ಫೋನಿನಲ್ಲಿ ಅಷ್ಟು ಹೊತ್ತು ಕಾಯಿಸಿದ್ದಕ್ಕೆ ಕ್ಷಮೆ ಕೇಳಿದ್ದೇನೆ, ನಿಯಮಕ್ಕಲ್ಲ. ಗುಮಾಸ್ತೆಗೂ ಹೇಳಿದ್ದೇನೆ: ನಾಳೆ ನಾನೇ ಫೋನ್ ಮಾಡಿ ಬದಲಾಯಿಸಿ ಎಂದರೂ ಬದಲಾಯಿಸಬೇಡಿ.

ನಂಬರ್ ಬದಲಾದರೆ ಗುರುತಿನ ಚೀಟಿಯೊಂದಿಗೆ ಖುದ್ದಾಗಿ ಬನ್ನಿ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ