ತಾಳಿಕೋಟೆ ಆಟ: ಭಾನುವಾರಕ್ಕೆ ಮುನ್ನ ಓದಿ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 10ಕ್ಕೆ ಹಾಸನದ ಮಾಮೂಲಿ ಜಾಗದಲ್ಲೇ, ತಾಳಿಕೋಟೆ ಯುದ್ಧವನ್ನು ದಾಳ ಹಾಕಿ ಆಡುವ ನಮ್ಮ ಆಟ. ಚಿಕ್ಕಮಗಳೂರಿನವರು 7:30ರೊಳಗೆ ಬಸ್ ಹತ್ತಿಬಿಡಿ.

ಸ್ಥೈರ್ಯದ ನಿಯಮ, ಅಂದರೆ ತುಕಡಿ ಹೆದರದೆ ನಿಲ್ಲುತ್ತದೋ ಇಲ್ಲವೋ ಅನ್ನೋದರ ನಿಯಮ, ಬದಲಾಗಿದೆ. ಎರಡು ದಾಳ ಹಾಕಿ; ಮೊತ್ತ ತುಕಡಿಯ ಸ್ಥೈರ್ಯಾಂಕ ಮೀರಿದರೆ ಅದು ಎರಡು ಮನೆ ಹಿಂದೆ. ನಾಯಕ ಮೂರು ಮನೆಯೊಳಗಿದ್ದರೆ ಸ್ಥೈರ್ಯಾಂಕಕ್ಕೆ 1 ಸೇರಿಸಿ. ನಾಯಕ ಬಿದ್ದರೆ ಅಕ್ಕಪಕ್ಕದ ತುಕಡಿಗಳಿಗೆ ಮಾತ್ರ ದಾಳ, ಅದೂ ಸುತ್ತಿಗೆ ಒಂದೇ ಸಲ. ಹಳೇ ನಿಯಮದಲ್ಲಿ ಒಂದು ಓಡಿದರೆ ಪಕ್ಕದ್ದೂ ಓಡಿ, ಎರಡನೇ ಸುತ್ತಿಗೇ ಆಟ ಮುಗಿಯುತ್ತಿತ್ತು. ವಿಜಯನಗರದ ಸೇನೆ ನಡೆಸಿದ ರಾಮರಾಯ ಬಿದ್ದರೆ ಮಾತ್ರ ಇಡೀ ಸೇನೆಗೆ ದಾಳ: 1565ರಲ್ಲಿ ಅವನ ತಲೆ ಈಟಿಯ ತುದಿಯಲ್ಲಿ ಕಂಡ ಮೇಲೆ ಸೈನ್ಯ ನಿಲ್ಲಲಿಲ್ಲ.

'ಜನರ ಸ್ವಭಾವ' ಅಂತ ಯಾವ ಸೇನೆಗೂ ಕಡಿಮೆ ಅಂಕ ಕೊಡಬೇಡಿ, ದಯವಿಟ್ಟು. ಪಡೆ ಯಾರ ಮಾತು ಕೇಳುತ್ತದೆ ಅನ್ನೋದನ್ನು ಕಾರ್ಡಿನಲ್ಲಿ ಬರೆಯಿರಿ, ಸಾಕು.

ಆರು ಜನ ಬೇಕೇ ಬೇಕು. ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಹೆಸರು ಹಾಕಿ.